ಎರಡನೇ ಟ್ರ್ಯಾಕ್ ಮುಗಿದಿಲ್ಲ, ಆಗಲೇ ಹತ್ತಕ್ಕೆ 8.7

ಹಿನ್ನೆಲೆಯಲ್ಲಿ ಮೆಲ್ಲಗೆ ಹರಿಯುತ್ತಿರುವ ಆಂಬಿಯೆಂಟ್ ಸಂಗೀತದ ಆ ಹಳೇ ಜೋಡಿಯ ಹೊಸ ಆಲ್ಬಮ್ ಕೊನೆಗೂ ಬಂತು. ಯಾವ ಜೋಡಿ ಅಂತ ನಿಮಗೂ ಗೊತ್ತು, ಹೆಸರು ಬೇಡ. ಪಾಪ, ಅವರದೇನೂ ತಪ್ಪಿಲ್ಲ. ಸಿಂಥಸೈಸರ್ ಮುಂದೆ ಕೂತು ತಮ್ಮ ಪಾಡಿಗೆ ತಾವು ಕೆಲಸ ಮಾಡಿದ್ದಾರೆ. ನನ್ನ ತಕರಾರು ಅವರ ಅಭಿಮಾನಿಗಳ ಹತ್ತಿರ.

ಆಲ್ಬಮ್ ಬಿಡುಗಡೆಯಾದದ್ದು ಮಧ್ಯರಾತ್ರಿ. ಅದನ್ನು ಮೊದಲಿಂದ ಕೊನೆವರೆಗೆ ಒಂದು ಸಲ ಕೇಳಬೇಕಾದರೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕೂಡ ಕಳೆದಿರಲಿಲ್ಲ. ಆಗಲೇ 'ಇದು ಅವರ ಜೀವಮಾನದ ಸಾಧನೆ' ಅಂತ ಒಬ್ಬರ ತೀರ್ಪು ಬಂದಾಗಿತ್ತು. 'ತೀರಾ ನಿರಾಸೆ' ಅಂತ ಇನ್ನೊಬ್ಬರ ತೀರ್ಪು ಅದಕ್ಕಿಂತ ಮೊದಲೇ ಬಂದಿತ್ತು. ಮೂರನೆಯವರು ಮಾತ್ರ ಸ್ವಲ್ಪ ಸಂಯಮ ತೋರಿಸಿ 'ಇದು ನಿಧಾನವಾಗಿ ಹಿಡಿಸುವ ಆಲ್ಬಮ್, ಹತ್ತಾರು ಸಲ ಕೇಳಿದ ಮೇಲೆಯೇ ಅರ್ಥವಾಗುವುದು' ಅಂದರು. ಹತ್ತಾರು ಸಲ ಯಾವಾಗ ಕೇಳಿದರೋ! ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಕಂಡಿದ್ದೆವು. ಇವರು ಕುಲಾವಿಗೆ ಅಂಕವನ್ನೂ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ.

ಅಂಕ ಅಂದೆ ಅಲ್ವಾ. ಹತ್ತಕ್ಕೆ 8.7. ಆ ಪಾಯಿಂಟ್ ಏಳು ನನಗೆ ಬಹಳ ಇಷ್ಟ. ಒಂದೇ ಸ್ವರ ಒಂಬತ್ತು ನಿಮಿಷ ಗುಂಯ್ ಅನ್ನುತ್ತದೆ. ನಡುವೆ ಎಲ್ಲೋ ಒಂದು ಬಾಗಿಲು ಕಿರುಗುಟ್ಟಿದ ಹಾಗೆ ಆಗುತ್ತದೆ. ಅಷ್ಟರಲ್ಲಿ ಇದು 8.6 ಅಲ್ಲ, 8.8 ಅಂತೂ ಅಲ್ಲವೇ ಅಲ್ಲ ಅಂತ ಹೇಳಬೇಕಾದರೆ ಎಂಥ ಕಿವಿ ಇರಬೇಕು! ಬಹುಶಃ ಆ ಬಾಗಿಲಿಗೆ ಎಣ್ಣೆ ಬಿಟ್ಟಿದ್ದರೆ 9.1 ಆಗುತ್ತಿತ್ತು.

ವಿಮರ್ಶೆಯ ಅರ್ಧ ಭಾಗ ಹೆಡ್‌ಫೋನ್ ಬಗ್ಗೆ ಇರುತ್ತದೆ. ಯಾವ ಕಂಪನಿಯದು, ಓಪನ್ ಬ್ಯಾಕೋ ಕ್ಲೋಸ್ಡ್ ಬ್ಯಾಕೋ, ಕೇಬಲ್ ಬದಲಾಯಿಸಿದ ಮೇಲೆ ಬೇಸ್ ಎಷ್ಟು ಬಿಗಿಯಾಯಿತು. ಮಾಮೂಲಿ ಫೈಲ್‌ನಲ್ಲಿ ಕೇಳುವವರು ಸಂಗೀತದ ಶತ್ರುಗಳು. ಕೇಳುವುದಾದರೆ ಧ್ವನಿ ಒಂದಿಷ್ಟೂ ಕಳೆಯದ 24-ಬಿಟ್ ಫ್ಲ್ಯಾಕ್ ಫೈಲ್‌ನಲ್ಲೇ ಕೇಳಬೇಕು. ಇದರಲ್ಲಿ ಒಂದು ಮಜಾ ಇದೆ, ಕೇಳಿ. ಹಳೇ ಟೇಪ್ ಓಡುವಾಗ ವೇಗ ಹೆಚ್ಚುಕಮ್ಮಿಯಾಗಿ ಸ್ವರ ಓಲಾಡುತ್ತದೆ. ರೆಕಾರ್ಡಿಂಗ್‌ನವರು ಇದಕ್ಕೆ ವಾವ್ ಮತ್ತು ಫ್ಲಟರ್ ಅನ್ನುತ್ತಾರೆ. ಇದನ್ನು ಹೋಗಲಾಡಿಸಲು ಎಂಜಿನಿಯರುಗಳು ದಶಕಗಟ್ಟಲೆ ಒದ್ದಾಡಿದರು. ಆಮೇಲೆ ಬಂದ ಆಂಬಿಯೆಂಟ್‌ನವರು ಅದೇ ಓಲಾಟ ಬೇಕು ಅಂತ ಕೂತರು. ಸ್ಕಾಟ್ಲೆಂಡಿನ ಅಣ್ಣತಮ್ಮಂದಿರ ಜೋಡಿ ಬೋರ್ಡ್ಸ್ ಆಫ್ ಕೆನಡಾವನ್ನೇ ತೆಗೆದುಕೊಳ್ಳಿ. ಅವರ ಹೆಸರು ಬಂದದ್ದು ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿಯಿಂದ. ಆ ಮಂಡಳಿಯ ಹಳೇ ಸಾಕ್ಷ್ಯಚಿತ್ರಗಳ ಮಾಸಲು ಧ್ವನಿಯೇ ಅವರಿಗೆ ಆದರ್ಶ. ಒಳ್ಳೇ ಸ್ವರವನ್ನು ಬೇಕಂತಲೇ ಕೆಡಿಸಿ, ಸವೆಸಿ, ಧೂಳು ಹಿಡಿಸಿ ಕೊಡುತ್ತಾರೆ. ಆ ಧೂಳನ್ನು ಅಭಿಮಾನಿ 24-ಬಿಟ್‌ನಲ್ಲಿ, ಒಂದು ಕಣವೂ ಕಳೆದುಹೋಗದ ಹಾಗೆ ಕೇಳುತ್ತಾನೆ. ಕೊಳೆ ಇರಬೇಕು, ಆದರೆ ಆ ಕೊಳೆ ಶುಭ್ರವಾಗಿರಬೇಕು.

ಈ ರೋಗ ಇವತ್ತಿನದಲ್ಲ. 1920ರಲ್ಲಿ ಪ್ಯಾರಿಸ್‌ನ ಒಂದು ಗ್ಯಾಲರಿಯಲ್ಲಿ ಎರಿಕ್ ಸಾತಿ ಅನ್ನುವ ಸಂಗೀತಗಾರ ಒಂದು ಪ್ರಯೋಗ ಮಾಡಿದರು. ಅದಕ್ಕೆ ಅವರು ಇಟ್ಟ ಹೆಸರು ಪೀಠೋಪಕರಣ ಸಂಗೀತ. ಕುರ್ಚಿ, ಮೇಜು ಇರುತ್ತವಲ್ಲ, ಹಾಗೆ ಸಂಗೀತವೂ ಕೋಣೆಯಲ್ಲಿ ಸುಮ್ನೆ ಇರಬೇಕು, ಯಾರೂ ಅದನ್ನು ಗಮನಿಸಬಾರದು ಅಂತ ಅವರ ಆಸೆ. ನಾಟಕದ ಮಧ್ಯಂತರದಲ್ಲಿ ನುಡಿಸುವುದು ಅಂತಾಯಿತು. ದಯವಿಟ್ಟು ಇದಕ್ಕೆ ಯಾವ ಬೆಲೆಯನ್ನೂ ಕೊಡಬೇಡಿ ಅಂತ ಪ್ರೇಕ್ಷಕರಿಗೆ ಮೊದಲೇ ತಿಳಿಸಿದ್ದರು. ವಾದ್ಯ ಶುರುವಾಯಿತೋ ಇಲ್ಲವೋ, ಹೊರಗೆ ಹೊರಟಿದ್ದ ಜನ ವಾಪಸ್ ಬಂದು ತಮ್ಮ ತಮ್ಮ ಸೀಟಿನಲ್ಲಿ ಭಕ್ತಿಯಿಂದ ಕೂತರು. ಸಾತಿಗೆ ತಲೆ ಕೆಟ್ಟಿತು. ಮಾತಾಡಿ, ಓಡಾಡಿ, ಕೇಳಬೇಡಿ ಅಂತ ಕೂಗಿಕೊಂಡರಂತೆ. ಜೊತೆಯಲ್ಲಿದ್ದ ಸಂಗೀತಗಾರ ದಾರಿಯುಸ್ ಮಿಯೊ ಇದನ್ನೆಲ್ಲ ಬರೆದಿಟ್ಟಿದ್ದಾರೆ. ಕೂಗಿ ಪ್ರಯೋಜನವಾಗಲಿಲ್ಲ. ಜನ ಮಿಸುಕಲಿಲ್ಲ.

ಆ ಸೀಟುಗಳಿಂದ ಅವರು ಇನ್ನೂ ಎದ್ದಿಲ್ಲ ಅಂತ ನನ್ನ ಅನುಮಾನ.

ಮುಂದೆ ಇಂಗ್ಲೆಂಡಿನ ಸಂಗೀತಗಾರ ಬ್ರಯಾನ್ ಈನೋ ಬಂದರು. 1975ರಲ್ಲಿ ಅಪಘಾತವಾಗಿ ಹಾಸಿಗೆ ಹಿಡಿದಿದ್ದರು. ಯಾರೋ ತಂದುಕೊಟ್ಟ ಹಾರ್ಪ್ ಸಂಗೀತದ ರೆಕಾರ್ಡ್ ಹಾಕಿಕೊಂಡು ಮಲಗಿದರು. ವಾಲ್ಯೂಮ್ ತೀರಾ ಕಮ್ಮಿ, ಒಂದು ಚಾನಲ್ ಬೇರೆ ಕೆಟ್ಟಿತ್ತು. ಎದ್ದು ಸರಿ ಮಾಡಲು ಮೈಯಲ್ಲಿ ಶಕ್ತಿಯಿಲ್ಲ. ಹೊರಗೆ ಮಳೆ. ಮಳೆಯ ಸದ್ದಿನಲ್ಲಿ ಹಾರ್ಪ್ ಅರ್ಧಂಬರ್ಧ ಕೇಳಿಸುತ್ತಿತ್ತು. ಅಲ್ಲಿಂದಲೇ ಅವರಿಗೆ ಈ ಬಗೆಯ ಸಂಗೀತದ ದಾರಿ ಕಂಡದ್ದು. 1978ರಲ್ಲಿ ವಿಮಾನ ನಿಲ್ದಾಣಕ್ಕಾಗಿ ಮಾಡಿದ ಆಲ್ಬಮ್‌ನಲ್ಲಿ ಅದನ್ನು ಬರೆದೇ ಕೊಟ್ಟರು. ಆಸಕ್ತಿಯಿಂದ ಕೇಳಿದರೆ ಹಿಡಿಸಬೇಕು, ಗಮನ ಕೊಡದೆ ಬಿಟ್ಟರೂ ನಡೆಯಬೇಕು, ಆಂಬಿಯೆಂಟ್ ಅಂದರೆ ಅಷ್ಟೇ ಅಂತ. ಇಷ್ಟು ಬಿಡಿಸಿ ಹೇಳಿದ ಮೇಲೂ ನಮ್ಮ ವಿಮರ್ಶಕ ಟ್ರ್ಯಾಕ್ ಟ್ರ್ಯಾಕ್ ಲೆಕ್ಕದಲ್ಲಿ ಬರೆಯುತ್ತಾನೆ. ನಾಲ್ಕನೆಯದರಲ್ಲಿ ಮೂರು ನಿಮಿಷ ಹದಿನೆಂಟು ಸೆಕೆಂಡಿಗೆ ಬರುವ ಪ್ಯಾಡ್, ಅಂದರೆ ಉದ್ದಕ್ಕೆ ಎಳೆದ ಸಿಂಥಸೈಸರ್ ಸ್ವರ, ಅವರ ಹಳೇ ಇಪಿಯೊಂದರ (ಕಿರು ಆಲ್ಬಮ್) ಎರಡನೇ ಬದಿಗೆ ಸಲ್ಲಿಸಿದ ಗೌರವವಂತೆ. ಗೌರವವೂ ಇಲ್ಲ ಏನೂ ಇಲ್ಲ. ಒಂದೇ ಕೀಬೋರ್ಡ್‌ನಲ್ಲಿ ಎರಡನ್ನೂ ನುಡಿಸಿರಬೇಕು ಅಷ್ಟೇ.

ಹೀಗೆ ಹುಡುಕುವ ಚಟ ಹತ್ತಿಸಿದ್ದರಲ್ಲಿ ಸಂಗೀತಗಾರರ ಪಾಲೂ ಇದೆ ಅನ್ನಿ. ಬೋರ್ಡ್ಸ್ ಆಫ್ ಕೆನಡಾದ 2002ರ ಆಲ್ಬಮ್ 'ಜಿಯೊಗಡಿ'ಯ ಒಟ್ಟು ಉದ್ದ 66 ನಿಮಿಷ 6 ಸೆಕೆಂಡ್. ಸೈತಾನನ ಸಂಖ್ಯೆ 666 ನೋಡಿ! ಅಭಿಮಾನಿಗಳಿಗೆ ಹಬ್ಬ. ರೆಕಾರ್ಡನ್ನು ಹಿಂದುಮುಂದಾಗಿ ತಿರುಗಿಸಿ ಕೇಳಿದರು. ಅದರ ಕೊನೆಯ ಟ್ರ್ಯಾಕ್ ಒಂದು ನಿಮಿಷ 46 ಸೆಕೆಂಡಿನ ಬರೀ ಮೌನ. ಮೌನಕ್ಕೂ ವಿಮರ್ಶೆ ಬಂತು. 'ಆಲ್ಬಮ್‌ನ ಅತಿ ದುರ್ಬಲ ಟ್ರ್ಯಾಕ್' ಅಂತ ಕೆಲವರು, 'ಇಡೀ ಆಲ್ಬಮ್‌ನ ಕೀಲಿಕೈ' ಅಂತ ಕೆಲವರು. ಮೌನದ ಮಾತು ಬಂತು ಅಂತ ಇನ್ನೊಂದು. 2014ರಲ್ಲಿ ವುಲ್ಫ್‌ಪೆಕ್ ಅನ್ನುವ ಅಮೆರಿಕದ ಬ್ಯಾಂಡ್ ಹತ್ತು ಟ್ರ್ಯಾಕುಗಳ ಪೂರ್ತಿ ಮೌನದ ಆಲ್ಬಮ್ ಮಾಡಿ ಸ್ಪಾಟಿಫೈಗೆ ಹಾಕಿತು. ಒಂದೊಂದು ಟ್ರ್ಯಾಕೂ ಮೂವತ್ತು ಸೆಕೆಂಡಿನ ಆಸುಪಾಸು. ಯಾಕೆಂದರೆ ಆಗ ಮೂವತ್ತು ಸೆಕೆಂಡ್ ಓಡಿದರೆ ಅಲ್ಲಿ ಕಾಸು ಲೆಕ್ಕವಾಗುತ್ತಿತ್ತು. ರಾತ್ರಿ ಮಲಗುವಾಗ ಹಾಕಿಬಿಡಿ ಅಂತ ಅಭಿಮಾನಿಗಳಿಗೆ ಹೇಳಿದರು. ಸುಮಾರು 20,000 ಡಾಲರ್ ಬಂತು. ಸ್ಪಾಟಿಫೈ ಆಮೇಲೆ ಅದನ್ನು ತೆಗೆಸಿತು. ಸಂಗೀತದ ಇತಿಹಾಸದಲ್ಲಿ ಅಭಿಮಾನಿಗಳು ಸಂಗೀತಗಾರರಿಗೆ ಇಷ್ಟು ಉಪಕಾರ ಮಾಡಿದ ಇನ್ನೊಂದು ಉದಾಹರಣೆ ನನಗೆ ನೆನಪಾಗುತ್ತಿಲ್ಲ. ಹಾಕಿದರು, ಮಲಗಿದರು, ಮಾತಾಡಲಿಲ್ಲ.

2013ರದು ಇನ್ನೂ ದೊಡ್ಡ ಕತೆ. ಅದೇ ಸ್ಕಾಟ್ಲೆಂಡ್ ಜೋಡಿ. ನ್ಯೂಯಾರ್ಕಿನ ಒಂದು ರೆಕಾರ್ಡ್ ಅಂಗಡಿಯಲ್ಲಿ ಅವರ ಹೆಸರಿನ ಒಂದು ವಿನೈಲ್ ತಟ್ಟೆ ಸಿಕ್ಕಿತು. ಅದರಲ್ಲಿ ಇದ್ದದ್ದು ತುಸು ಸಂಗೀತ, ಆರು ಅಂಕಿ ಓದುವ ಒಂದು ಯಂತ್ರದ ಧ್ವನಿ. ಇಂಥ ಆರು ತುಂಡುಗಳು ರೇಡಿಯೊ, ಟಿವಿ ಅಂತ ಅಲ್ಲಲ್ಲಿ ಹರಡಿದ್ದವು. ಪ್ರಪಂಚದ ಮೂಲೆಮೂಲೆಯ ಅಭಿಮಾನಿಗಳು ನಿದ್ದೆಗೆಟ್ಟು 36 ಅಂಕಿಗಳನ್ನು ಜೋಡಿಸಿದರು. ಜೋಡಿಸಿದಾಗ ಬಯಲಾದ ಮಹಾ ರಹಸ್ಯ ಏನು ಗೊತ್ತಾ? ಆಲ್ಬಮ್ ಬರುತ್ತದೆ! ರೆಕಾರ್ಡ್ ಕಂಪನಿ ಒಂದು ಸಾಲು ಬರೆದಿದ್ದರೆ ಮುಗಿಯುತ್ತಿತ್ತು. ಆಮೇಲೆ ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಲ್ಲಿ ಪಾಳುಬಿದ್ದ ಒಂದು ವಾಟರ್ ಪಾರ್ಕಿಗೆ ಜನರನ್ನು ಕರೆಸಿ ಆಲ್ಬಮ್ ಕೇಳಿಸಿದರು. ಜನ ಹೋದರು. ನೀರಿಲ್ಲದ ಜಾಗಕ್ಕೆ, ಹಾಡಿಲ್ಲದ ಸಂಗೀತ ಕೇಳಲು. ಕೈಮುಗಿಯಬೇಕು ಇಂಥ ನಿಷ್ಠೆಗೆ.

ಅಂದಿನಿಂದ ಈ ಬಳಗಕ್ಕೆ ಪ್ರತಿಯೊಂದು ಗರಗರವೂ ಸಂಕೇತ. ಈ ಸಲದ ಹೊಸ ಆಲ್ಬಮ್‌ನಲ್ಲೂ ಆರನೇ ಟ್ರ್ಯಾಕಿನ ತುದಿಯಲ್ಲಿ ಎರಡು ಸೆಕೆಂಡಿನ ಒಂದು ಚಿಟಿಕೆ ಸದ್ದಿದೆ. ಅದು ಮೋರ್ಸ್ ಕೋಡ್ ಅಂತ ಒಬ್ಬರು. ಮುಂದಿನ ಆಲ್ಬಮ್‌ನ ತಾರೀಖು ಅಂತ ಇನ್ನೊಬ್ಬರು. ಕೆಮ್ಮು ಅಂತ ಹೇಳಿದವನನ್ನು ಎಲ್ಲರೂ ಸೇರಿ ಬೈದು ಕೂರಿಸಿದರು.

ಇಷ್ಟಾದ ಮೇಲೂ ಕೊನೆಯ ತೀರ್ಪು ಏನು? ಮೊದಲಿನ ಹಾಗಿಲ್ಲ. ಹಳೇ ಆಲ್ಬಮ್‌ಗಳಲ್ಲಿ ಇದ್ದ ಆ 'ಅದು' ಇದರಲ್ಲಿ ಇಲ್ಲ. ಅದು ಅಂದರೆ ಯಾವುದು ಅಂತ ಕೇಳಿದರೆ ಕಣ್ಣು ಮುಚ್ಚಿಕೊಂಡು ತಲೆ ಆಡಿಸುತ್ತಾರೆ. ಅದೇ ವಿಮರ್ಶೆಯ ಮುಂದಿನ ಪ್ಯಾರಾದಲ್ಲಿ 'ಇವರು ಮೂವತ್ತು ವರ್ಷದಿಂದ ಒಂದೇ ಸಂಗೀತ ಮಾಡುತ್ತಿದ್ದಾರೆ, ಬೆಳೆಯಲೇ ಇಲ್ಲ' ಅಂತ ದೂರು. ಬದಲಾದರೆ ದ್ರೋಹ, ಬದಲಾಗದಿದ್ದರೆ ಸೋಮಾರಿತನ. ಅತ್ತ ದರಿ, ಇತ್ತ ಪುಲಿ. ಲೈವ್ ಷೋ ಮಾಡಿದರೆ 'ಲ್ಯಾಪ್‌ಟಾಪ್ ಹಿಂದೆ ಇಬ್ಬರು ಸುಮ್ನೆ ನಿಂತಿದ್ದರು' ಅಂತ ಬೇರೆ. ಇನ್ನೇನು, ಕುಣಿಯಬೇಕಿತ್ತಾ? 1992ರಲ್ಲಿ ದಿ ಆರ್ಬ್ ಅನ್ನುವ ಇಂಗ್ಲೆಂಡಿನ ಆಂಬಿಯೆಂಟ್ ತಂಡದವರಿಗೆ ಈ ವಿಷಯದಲ್ಲಿ ಒಳ್ಳೇ ಬುದ್ಧಿ ಇತ್ತು. 39 ನಿಮಿಷ 57 ಸೆಕೆಂಡಿನ ಒಂದು ಸಿಂಗಲ್ ಬಿಟ್ಟರು. ನಲವತ್ತು ನಿಮಿಷ ದಾಟಿದರೆ ಬ್ರಿಟನ್ನಿನ ಆಗಿನ ಚಾರ್ಟ್ ನಿಯಮಕ್ಕೆ ಹೊಂದುತ್ತಿರಲಿಲ್ಲ, ಅದಕ್ಕೆ ಮೂರು ಸೆಕೆಂಡ್ ಉಳಿಸಿದರು. ಅದು ಎಂಟನೇ ಸ್ಥಾನಕ್ಕೂ ಏರಿತು. ಬಿಬಿಸಿಯ ಟಾಪ್ ಆಫ್ ದಿ ಪಾಪ್ಸ್ ಕಾರ್ಯಕ್ರಮಕ್ಕೆ ಕರೆದಾಗ ತಂಡದ ಇಬ್ಬರೂ ಹೋಗಿ ಕ್ಯಾಮೆರಾ ಮುಂದೆ ಚೆಸ್ ಆಡುತ್ತಾ ಕೂತರು.

ತಮಾಷೆ ಸಾಕು. ಈ ಸಲ ಒಂದು ಸಾಲು ಓದಿ ನಿಜವಾಗಿ ಸಿಟ್ಟು ಬಂತು. 'ಇವರು ಎಂದೋ ನಿಲ್ಲಿಸಿದ್ದರೆ ಹೆಸರಾದರೂ ಉಳಿಯುತ್ತಿತ್ತು' ಅಂತ. ಬರೆದವರು ಅಷ್ಟು ವರ್ಷ ಹೊಸ ಆಲ್ಬಮ್ ಯಾವಾಗ, ಯಾವಾಗ ಅಂತ ಪ್ರಾಣ ತಿಂದವರೇ. ವಯಸ್ಸಾದ ಇಬ್ಬರು ತಮ್ಮ ಕೋಣೆಯಲ್ಲಿ ಕೂತು ಒಂದೊಂದು ಸ್ವರ ಎಷ್ಟು ಹೊತ್ತು ನಿಲ್ಲಬೇಕು ಅಂತ ತಲೆ ಕೆಡಿಸಿಕೊಂಡಿದ್ದಾರೆ. ಆ ಕೆಲಸಕ್ಕೆ ಎರಡು ಟ್ರ್ಯಾಕಿನಷ್ಟು ಹೊತ್ತು ಕೊಡಲು ಇವರಿಗೆ ಪುರಸೊತ್ತಿಲ್ಲ, ನಿಲ್ಲಿಸಿ ಅನ್ನುವುದಕ್ಕೆ ಮಾತ್ರ ಇದೆ. ಹಳೇ ಆಲ್ಬಮ್ ಬೇಕಾ? ಅದು ಇದ್ದಲ್ಲೇ ಇದೆ. ಯಾರೂ ಕಿತ್ತುಕೊಂಡು ಹೋಗಿಲ್ಲ. ಅದನ್ನು ಕೇಳುವಾಗ ನಿಮಗಿದ್ದ ಇಪ್ಪತ್ತರ ವಯಸ್ಸು ಹೋಯಿತು, ಅದಕ್ಕೆ ಈ ಇಬ್ಬರು ಏನು ಮಾಡಬೇಕು?

ಇನ್ನು ವಿನೈಲ್ ವೀರರು. ಅವರನ್ನು ಬಿಟ್ಟರೆ ಪಾಪ ಬರುತ್ತದೆ. ಒಂದೇ ಆಲ್ಬಮ್ ಕಪ್ಪು, ಹಸಿರು, ಮಸುಕು ಕಿತ್ತಳೆ ಅಂತ ಮೂರು ಬಣ್ಣದಲ್ಲಿ ಬಂದಿದೆ. ಮೂರನ್ನೂ ಕೊಂಡಿದ್ದಾರೆ. ಒಂದರ ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚಿಲ್ಲ. ಬಿಚ್ಚಿದರೆ ಮರುಮಾರಾಟದ ಬೆಲೆ ಬಿದ್ದುಹೋಗುತ್ತದಂತೆ. ಮೂಲೆ ಕಾಲು ಇಂಚು ಮಡಚಿದೆ ಅಂತ ಒಬ್ಬರು ಪೂರ್ತಿ ಎರಡು ಅಂಕ ಕಳೆದಿದ್ದಾರೆ. ಕವರಿನ ಕಾಗದ ಒರಟಾಗಿರುವುದಕ್ಕೆ ಅರ್ಧ ಅಂಕ ವಾಪಸ್ ಕೊಟ್ಟಿದ್ದಾರೆ. ತಟ್ಟೆಯ ತೂಕ 180 ಗ್ರಾಂ ಇದೆಯೋ ಇಲ್ಲವೋ ಅಂತ ಹೊದಿಕೆ ಸಮೇತ ತೂಗಿ, ಹೊದಿಕೆಯ ತೂಕ ಅಂದಾಜಿನಲ್ಲಿ ಕಳೆದು ನೋಡಿದ್ದಾರೆ. ಸಂಗೀತದ ಬಗ್ಗೆಯೂ ಒಂದು ಸಾಲು ಇದೆ. ಎರಡನೇ ಬದಿ ಸ್ವಲ್ಪ ಎಳೆದ ಹಾಗಿದೆಯಂತೆ. ಸೂಜಿ ಮುಟ್ಟಿಸದೆ ಅದು ಹೇಗೆ ಗೊತ್ತಾಯಿತು ಸ್ವಾಮಿ? ಅಷ್ಟು ಪ್ರೀತಿ ಇದ್ದರೆ ಒಂದರ ಹೊದಿಕೆಯನ್ನಾದರೂ ಹರಿಯಿರಿ. ಹಸಿರು ಬೇಡ, ಕಿತ್ತಳೆ ಬೇಡ. ಆ ಕಪ್ಪನ್ನಾದರೂ ಹರಿದು ಹಾಕಿ ಮಾರಾಯ್ರೇ.