ಜಪಾನಿನಿಂದ ಕಾಗದ ತನ್ನಿ, ಪೆನ್ನಿಗೆ ರಾಜಮಂಡ್ರಿಗೆ ಹೋಗಿ

ನನಗೆ ಇಂಕ್ ಪೆನ್ನಿನ ಹುಚ್ಚು ಅಂತ ಗೊತ್ತಿರುವವರು ಜಪಾನಿಗೆ ಹೊರಡುವ ಮೊದಲು ಫೋನ್ ಮಾಡಿ ಕೇಳುವುದು ಒಂದೇ. "ಅಲ್ಲಿಂದ ಯಾವ ಪೆನ್ನು ತರಲಿ?" ಪೆನ್ನು ಬೇಡ ಮಾರಾಯ, ಕಾಗದ ತಗೊಂಡು ಬಾ ಅನ್ನುತ್ತೇನೆ. ಅಷ್ಟು ದೂರ ಹೋಗಿ ನೋಟ್‌ಬುಕ್ ಹೊತ್ತು ತರಬೇಕಾ ಅಂತ ಅವರಿಗೆ. ಹೌದು, ಹೊತ್ತೇ ತರಬೇಕು. ಪೆನ್ನು ಬೇಕಿದ್ದರೆ ಕಾಕಿನಾಡ ಕಡೆಯ ರೈಲು ಹತ್ತಿ ರಾಜಮಂಡ್ರಿಯಲ್ಲಿ ಇಳಿಯಿರಿ.

ತಮಾಷೆಗೆ ಹೇಳುತ್ತಿಲ್ಲ. ಪ್ರವಾಸದಲ್ಲಿ ಸ್ಟೇಷನರಿ ಕೊಳ್ಳುವವರು ಹೆಚ್ಚಾಗಿ ಡಬ್ಬ ಕೊಳ್ಳುತ್ತಾರೆ. ಅದರೊಳಗಿನ ಪೆನ್ನು ಟೋಕಿಯೊದಲ್ಲೂ ಅದೇ, ದುಬೈನಲ್ಲೂ ಅದೇ, ಮೊಬೈಲಿನಲ್ಲಿ ಆರ್ಡರ್ ಮಾಡಿದರೆ ಮನೆ ಬಾಗಿಲಿಗೆ ಬರುವುದೂ ಅದೇ. ಲ್ಯಾಮಿ ಸಫಾರಿ ತರಲು ಜರ್ಮನಿಗೆ ಹೋಗಬೇಕಾಗಿಲ್ಲ. ಅಮೆರಿಕದ ಹಳೇ ಹೆಸರು ಶೇಫರ್ ಇದೆಯಲ್ಲ, ಅದನ್ನು 2022ರಲ್ಲಿ ನಮ್ಮ ಬೆಂಗಳೂರಿನ ವಿಲಿಯಂ ಪೆನ್ ಕಂಪನಿಯೇ ಕೊಂಡುಕೊಂಡಿತು. ಶೇಫರ್ ತಾ ಅಂತ ಇನ್ನೂ ಅಮೆರಿಕದ ಭಾವನಿಗೆ ಯಾಕೆ ತೊಂದರೆ ಕೊಡೋದು?

ಏರ್‌ಪೋರ್ಟಿನ ಪೆನ್ನಿನ ಅಂಗಡಿಗಳ ಮೇಲಂತೂ ನನಗೆ ಸಿಟ್ಟೇ ಇದೆ. ಒಂದು ಕಡೆ ಗಾಜಿನ ಕಪಾಟಿನಿಂದ ಪೆನ್ನು ತೆಗೆಸಿ, ಇಂಕಿನಲ್ಲಿ ಅದ್ದಿ ಬರೆದು ನೋಡಬಹುದಾ ಅಂದೆ. "ಇಲ್ಲ ಸರ್, ಬಿಲ್ ಆದ ಮೇಲೆ ಬರೆಯಬಹುದು" ಅಂದ ಹುಡುಗ. ದುಡ್ಡು ಕೊಟ್ಟ ಮೇಲೆ ಚಪ್ಪಲಿಗೆ ಕಾಲು ಹಾಕಿ ನೋಡಿ ಅಂದ ಹಾಗೆ. ಯಾರಿಗಾದರೂ ಉಡುಗೊರೆ ಕೊಡಲು ಆ ಅಂಗಡಿ ಸರಿ. ಬರೆಯುವವರಿಗೆ ಅಲ್ಲ.

ಒಂದು ವಿನಾಯಿತಿ ಕೊಡುತ್ತೇನೆ. ಚಿನ್ನದ ನಿಬ್ಬಿನ ಪೆನ್ನೇ ಬೇಕು ಅಂತಿದ್ದರೆ ಜಪಾನಿನಲ್ಲಿ ಕೊಳ್ಳಿ, ನಮ್ಮಲ್ಲಿಗಿಂತ ಅಗ್ಗ. ಪೈಲಟ್ ಕಸ್ಟಮ್ 74 ಅಂತ ಒಂದಿದೆ, 14 ಕ್ಯಾರೆಟ್ ನಿಬ್ಬು. ಕಂಪನಿ ಶುರುವಾಗಿದ್ದು 1918ರಲ್ಲಿ, ಈ ಪೆನ್ನು ಬಂದಿದ್ದು ಅದಕ್ಕೆ 74 ವರ್ಷ ಆದಾಗ, 1992ರಲ್ಲಿ. ಪಾಸ್‌ಪೋರ್ಟ್ ಕೈಯಲ್ಲಿರಲಿ. ಒಂದು ಅಂಗಡಿಯಲ್ಲಿ 5,000 ಯೆನ್ ದಾಟಿದರೆ ಪ್ರವಾಸಿಗರಿಗೆ ಶೇ. 10ರ ತೆರಿಗೆ ಉಳಿಯುತ್ತದೆ. 2026ರ ನವೆಂಬರ್‌ನಿಂದ ಅದನ್ನು ಮೊದಲು ಕಟ್ಟಿ, ದೇಶ ಬಿಡುವಾಗ ವಾಪಸ್ ಪಡೆಯುವ ಪದ್ಧತಿ.

ಆದರೆ ಯಾವ ಊರಲ್ಲೇ ಕೊಳ್ಳಿ, ದಯವಿಟ್ಟು ಕನ್ನಡದಲ್ಲಿ ಬರೆದು ನೋಡಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ನಮ್ಮವರು ಪೆನ್ನು ಕೈಗೆ ಕೊಟ್ಟ ಕೂಡಲೇ ಇಂಗ್ಲಿಷಿನಲ್ಲಿ ಹೆಸರು ಬರೆಯುತ್ತಾರೆ, ಒಂದು ಸಹಿ ಹಾಕುತ್ತಾರೆ, ನಾಲ್ಕು ಸುರುಳಿ ಸುತ್ತುತ್ತಾರೆ, "ಸ್ಮೂತ್ ಇದೆ" ಅಂದು ಕಾರ್ಡ್ ಕೊಡುತ್ತಾರೆ. ಬಣ್ಣ ಹೊರಗೆ ಬರುವುದು ಮನೆಯಲ್ಲಿ ಕನ್ನಡದಲ್ಲಿ ನಾಲ್ಕು ಸಾಲು ಬರೆಯಲು ಕೂತಾಗ.

ನಾನು ಬರೆಯುವ ಪದಗಳು ಯಾವಾಗಲೂ ಇವೇ: ರಾಷ್ಟ್ರ, ಲಕ್ಷ್ಮಿ, ಶಂಖ, ಋಣ. ರಾಷ್ಟ್ರದಲ್ಲಿ "ಷ" ಕೆಳಗೆ ಟ ಒತ್ತು, ಅದಕ್ಕೆ ಮತ್ತೆ ರ ಒತ್ತು. ಗೆರೆ ಹಾಕಿದ ಪುಸ್ತಕದಲ್ಲಿ ಇದೆಲ್ಲ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗದ ಹಾಗೆ ಕೂರಬೇಕು. ಯುರೋಪಿನ ಮೀಡಿಯಂ ನಿಬ್ಬಿನಲ್ಲಿ ಬರೆದರೆ ಒತ್ತಕ್ಷರಗಳು ಒಂದಕ್ಕೊಂದು ಅಂಟಿಕೊಂಡು ಮಸಿಯ ಮುದ್ದೆ ಆಗುತ್ತವೆ. "ಖ"ದ ಒಳಗಿನ ಜಾಗ ಮುಚ್ಚಿಹೋಗುತ್ತದೆ. ದಪ್ಪ ಅಕ್ಷರ ಬರೆಯುವವರಿಗೆ ನಡೆದೀತು. ನನ್ನಂಥ ಸಣ್ಣ ಅಕ್ಷರದವರಿಗೆ ಸಾಧ್ಯವೇ ಇಲ್ಲ.

ಇನ್ನೊಂದು ವಿಷಯ ಸುತ್ತಿನದು. ನಮ್ಮ ಅಕ್ಷರಗಳಲ್ಲಿ ನೇರ ಗೆರೆ ಕಮ್ಮಿ, ನಿಬ್ಬು ನಾಲ್ಕೂ ದಿಕ್ಕಿಗೆ ಹೊರಳುತ್ತಲೇ ಇರಬೇಕು. ಕೆಳಕ್ಕೆ ಎಳೆದಾಗ ಬೆಣ್ಣೆಯಲ್ಲಿ ಹೋದಂತೆ ಹೋಗುವ ನಿಬ್ಬು, ಎಡಕ್ಕೆ ತಳ್ಳಿ ಮೇಲಕ್ಕೆ ತಿರುಗಿಸಿದ ಕೂಡಲೇ ಕಾಗದವನ್ನು ಗೀರುತ್ತದೆ. ನಿಬ್ಬಿನ ಸೀಳಿನ ಎರಡು ತುದಿಗಳು ಒಂದೇ ಮಟ್ಟದಲ್ಲಿ ಇಲ್ಲದಿದ್ದರೆ ಹೀಗಾಗುತ್ತದೆ. ಇಂಗ್ಲಿಷ್ ಸಹಿಯಲ್ಲಿ ಇದು ಗೊತ್ತೇ ಆಗುವುದಿಲ್ಲ. "ಋಣ" ಬರೆದರೆ ತಕ್ಷಣ ಸಿಕ್ಕಿಬೀಳುತ್ತದೆ. ತುದಿ ಅಗಲವಾಗಿ ಚಪ್ಪಟೆ ಇರುವ ಸ್ಟಬ್ ನಿಬ್ಬಿನ ಬಗ್ಗೆಯೂ ಕೇಳುತ್ತಾರೆ. ಲಗ್ನಪತ್ರಿಕೆಯ ಕವರಿನ ಮೇಲೆ ಹೆಸರು ಬರೆಯಲು ಚೆಂದ, ದಿನದ ಬರವಣಿಗೆಗೆ ಬೇಡ.

ಜಪಾನಿನ ಫೈನ್ ನಿಬ್ಬು ಯುರೋಪಿನ ಎಕ್ಸ್‌ಟ್ರಾ ಫೈನ್ ಹತ್ತಿರಕ್ಕೆ ಬರುತ್ತದೆ. ಅವರ ಕಾಂಜಿಯಲ್ಲೂ, ಅಂದರೆ ಚೀನೀ ಮೂಲದ ಅಕ್ಷರಗಳಲ್ಲೂ, ಸಣ್ಣ ಚೌಕದೊಳಗೆ ಹತ್ತಾರು ಗೆರೆ ತುಂಬಬೇಕಲ್ಲ. ಅಲ್ಲಿ ಪೆನ್ನು ಪರೀಕ್ಷೆ ಮಾಡುವವರು "ಎಇ" ಅನ್ನುವ ಒಂದು ಅಕ್ಷರ ಬರೆಯುವುದನ್ನು ನೋಡಬಹುದು. ಅವರ ಬರವಣಿಗೆಯ ಎಂಟು ಮೂಲ ಗೆರೆಗಳೂ ಆ ಒಂದೇ ಅಕ್ಷರದಲ್ಲಿ ಬರುತ್ತವೆ. ನಮ್ಮಲ್ಲೂ ಅಂಥದ್ದೊಂದನ್ನು ಗೊತ್ತು ಮಾಡಿಕೊಳ್ಳಬೇಕು. ನನ್ನ ಓಟು "ಕ್ಷ್ಮಿ"ಗೆ.

ಇನ್ನು ಕಾಗದದ ವಿಷಯ. ಟೋಕಿಯೊದ ಗಿಂಜಾದಲ್ಲಿ ಇತೋಯಾ ಅಂಗಡಿ ಇದೆ, 1904ರದ್ದು. ಹೊರಗೆ ದೊಡ್ಡ ಕೆಂಪು ಪೇಪರ್ ಕ್ಲಿಪ್ಪು, ತಪ್ಪಿಸಿಕೊಳ್ಳುವ ಹಾಗೇ ಇಲ್ಲ. ಮಹಡಿ ಮೇಲೆ ಮಹಡಿ ಬರೀ ಸ್ಟೇಷನರಿ. ಹನ್ನೊಂದನೇ ಮಹಡಿಯಲ್ಲಿ ಸೊಪ್ಪು ಬೆಳೆಯುತ್ತಾರೆ, ಅದರ ಮೇಲಿನ ಕೆಫೆಯಲ್ಲಿ ಅದನ್ನೇ ಬಡಿಸುತ್ತಾರೆ. ಸ್ಟೇಷನರಿ ಅಂಗಡಿಗೂ ಸೊಪ್ಪಿಗೂ ಏನು ಸಂಬಂಧ ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ. ಹೋದವರೆಲ್ಲ ಪೆನ್ನಿನ ಮಹಡಿಯಲ್ಲೇ ಬೀಡು ಬಿಡುತ್ತಾರೆ. ಕಾಗದದ ಮಹಡಿಗೆ ಹೋಗಿ. ಹಾಳೆಗಳನ್ನು ಬಣ್ಣ, ದಪ್ಪ, ಒರಟುತನದ ಪ್ರಕಾರ ಜೋಡಿಸಿಟ್ಟಿರುತ್ತಾರೆ. ಬೆರಳಾಡಿಸಿ ನೋಡಿಯೇ ಅರ್ಧ ದಿನ ಕಳೆಯಬಹುದು. ಕುರಾಮಾಯೆ ಅನ್ನುವ ಕಡೆ ಕಾಕಿಮೊರಿ ಅಂತ ಇನ್ನೊಂದು ಅಂಗಡಿ. ಅಲ್ಲಿ ರಟ್ಟು ನೀವೇ ಆರಿಸಬೇಕು, ಒಳಗಿನ ಹಾಳೆ ನೀವೇ ಆರಿಸಬೇಕು, ಗೆರೆ ಬೇಕಾ ಖಾಲಿ ಬೇಕಾ ಹೇಳಬೇಕು. ಅಲ್ಲೇ ಬೈಂಡ್ ಮಾಡಿ ಕೈಗೆ ಕೊಡುತ್ತಾರೆ. ಇದನ್ನು ಯಾವ ಆ್ಯಪಿನಲ್ಲಿ ಆರ್ಡರ್ ಮಾಡುತ್ತೀರಿ?

ತೊಮೊಯೆ ರಿವರ್ ಅನ್ನುವ ಹಾಳೆಯ ಹೆಸರು ಕೇಳಿರಬಹುದು. ಅದರ ಪ್ರಸಿದ್ಧ ತೂಕ ಚದರ ಮೀಟರಿಗೆ 52 ಗ್ರಾಂ, ಅಂದರೆ 52 ಜಿಎಸ್‌ಎಂ. ನಮ್ಮ ಜೆರಾಕ್ಸ್ ಹಾಳೆ 70ರ ಮೇಲೆ ಇರುತ್ತದೆ, ಅದಕ್ಕೆ ಹೋಲಿಸಿದರೆ ಇದು ತೀರಾ ತೆಳು. ಹಿಂದಿನ ಪುಟದ ಅಕ್ಷರ ಮಬ್ಬಾಗಿ ಕಾಣುತ್ತದೆ, ಆದರೆ ಇಂಕು ಮಾತ್ರ ಆಚೆಗೆ ಇಳಿಯುವುದಿಲ್ಲ. ಎರಡೂ ಬದಿ ಬರೆಯಬಹುದು. ಗುಟ್ಟು ಇರುವುದು ದಪ್ಪದಲ್ಲಲ್ಲ, ಸೈಜಿಂಗಿನಲ್ಲಿ. ಹಾಳೆ ತಯಾರಿಸುವಾಗ ನಾರು ನೀರು ಹೀರದ ಹಾಗೆ ಪಿಷ್ಟದಂಥ ಪದಾರ್ಥಗಳನ್ನು ಸೇರಿಸುತ್ತಾರೆ. ಅದು ಸರಿಯಾಗಿದ್ದರೆ ಇಂಕು ಮೇಲೆಯೇ ನಿಂತು ಒಣಗುತ್ತದೆ. ನಮ್ಮ ಅಗ್ಗದ ನೋಟ್‌ಬುಕ್ಕಿನ ಹಾಳೆ ಬಾಲ್‌ಪೆನ್ನಿಗೆ ಸಾಕು. ಅದರ ಇಂಕು ಎಣ್ಣೆಯಂಶದ್ದು, ಹರಡುವುದಿಲ್ಲ. ಇಂಕ್ ಪೆನ್ನಿನದು ನೀರು. ಅದರಲ್ಲೂ ನಮ್ಮ ಮಲೆನಾಡಿನ ಜುಲೈನಲ್ಲಿ ಹಾಳೆಯೇ ತೇವ ಹೀರಿ ಮೆತ್ತಗಾಗಿರುತ್ತದೆ. ಬರೆದ ಅಕ್ಷರದ ಅಂಚು ಒಡೆದು ನಾರುನಾರಾಗಿ ಹರಡುತ್ತದೆ. ಪೆನ್ನು ಸರಿ ಇಲ್ಲ ಅಂತ ಬೈದುಕೊಳ್ಳುತ್ತೇವೆ. ಪಾಪ, ಪೆನ್ನಿನದ್ದೇನೂ ತಪ್ಪಿಲ್ಲ.

ತೊಮೊಯೆ ರಿವರಿಗೂ ಒಂದು ದೋಷ ಇದೆ, ಬೇಗ ಒಣಗಲ್ಲ. ಗಡಿಬಿಡಿಯಲ್ಲಿ ಪುಟ ಮಗುಚಿದರೆ ಎದುರು ಪುಟದಲ್ಲೂ ಅಚ್ಚು. ಮೊದಲು ಮಾಡುತ್ತಿದ್ದ ಕಂಪನಿ ಕೈಬಿಟ್ಟು, 2021ರಿಂದ ಸಾನ್ಜೆನ್ ಅನ್ನುವವರು ಮಾಡುತ್ತಿದ್ದಾರೆ. ಹಳೇದೇ ಚೆನ್ನಾಗಿತ್ತು ಅನ್ನುವ ಗುಂಪು ಒಂದಿದೆ, ನಾನು ಆ ಜಗಳಕ್ಕೆ ಹೋಗಲ್ಲ. ಇದು ಬೇಡ ಅಂದರೆ ಮಿದೋರಿ ಎಂಡಿ ಇದೆ, ಲೈಫ್ ನೋಬಲ್ ಇದೆ. ತೀರಾ ಅಗ್ಗಕ್ಕೆ ಕೊಕುಯೊ ಕ್ಯಾಂಪಸ್, ಅಲ್ಲಿನ ಶಾಲೆಯ ಮಕ್ಕಳು ಬರೆಯುವ ಪುಸ್ತಕ. ಅಂದಹಾಗೆ ಈ ಕೊಕುಯೊ ನಮಗೆ ಹೊರಗಿನವರೇನಲ್ಲ. ನಾವೆಲ್ಲ ಕಂಪಾಸ್ ಬಾಕ್ಸು, ಕ್ಯಾಮೆಲ್ ಇಂಕು ಅಂತ ಕೊಳ್ಳುತ್ತಿದ್ದ ಕ್ಯಾಮ್ಲಿನ್ 2011ರಿಂದ ಅವರದ್ದೇ.

ಇಂಕ್ ಬೇಕು ಅನ್ನುವವರು ಕೋಬೆಗೆ ಹೋಗಿ. ಅಲ್ಲಿನ ನಾಗಾಸಾವಾ ಅಂಗಡಿ 1882ರದ್ದು. 1995ರ ದೊಡ್ಡ ಭೂಕಂಪದಲ್ಲಿ ಆ ಊರು ನೆಲ ಕಚ್ಚಿತ್ತು. ಊರು ಮತ್ತೆ ಎದ್ದು ನಿಂತ ಮೇಲೆ, 2007ರಲ್ಲಿ ಅಂಗಡಿಯವರು ಕೋಬೆಯ ಒಂದೊಂದು ಜಾಗದ ಹೆಸರಲ್ಲಿ ಒಂದೊಂದು ಬಣ್ಣದ ಇಂಕು ತರಲು ಶುರು ಮಾಡಿದರು. ಮೊದಲನೆಯದು ಊರ ಹಿಂದಿನ ಬೆಟ್ಟದ ಹೆಸರಿನ ರೊಕ್ಕೋ ಹಸಿರು, ಎರಡನೆಯದು ಬಂದರಿನ ನೀಲಿ. ಈಗ ಆ ಸಾಲಿನಲ್ಲಿ ಎಷ್ಟೋ ಬಣ್ಣಗಳಿವೆ. ಸಹ್ಯಾದ್ರಿ ಹಸಿರು, ಆಗುಂಬೆ ಸಂಜೆ ಅಂತ ನಮ್ಮಲ್ಲೂ ಯಾರಾದರೂ ಮಾಡಿದರೆ ನಾನು ಸಾಲದ ಮೇಲಾದರೂ ತಗೊಳ್ಳುತ್ತೇನೆ.

ಈಗ ರಾಜಮಂಡ್ರಿ. ಗೋದಾವರಿ ದಾಟಿದರೆ ಸಿಗುವ ಊರು. ಕೆ.ವಿ. ರತ್ನಂ ಅನ್ನುವವರು 1932ರಲ್ಲಿ ಇಲ್ಲಿ ಪೆನ್ನು ಮಾಡಲು ಶುರು ಮಾಡಿದರು. ಸ್ವದೇಶಿ ವಸ್ತು ಏನಾದರೂ ಮಾಡು ಅಂದ ಗಾಂಧೀಜಿಯ ಮಾತಿಗೆ ಕಟ್ಟುಬಿದ್ದು. ಅವರು ಕಳಿಸಿದ ಪೆನ್ನಿನಲ್ಲಿ ಬರೆದು ನೋಡಿ, ಬಜಾರಿನ ವಿದೇಶಿ ಪೆನ್ನುಗಳಿಗೆ ಇದು ಒಳ್ಳೆಯ ಬದಲಿ ಅಂತ ಗಾಂಧೀಜಿ 1935ರಲ್ಲಿ ಕಾಗದ ಬರೆದರು. ರತ್ನಂ ಪೆನ್ ಇವತ್ತಿಗೂ ಇದೆ. ಆಮೇಲೆ ಬಂದ ಗೈಡರ್ ಕೂಡ ಇದೇ ಊರಿನದ್ದು.

ಇಲ್ಲಿ ಪೆನ್ನು ಡಬ್ಬದಿಂದ ಬರುವುದಿಲ್ಲ, ಲೇತಿನಿಂದ ಬರುತ್ತದೆ. ಎಬೊನೈಟ್ ಅಂದರೆ ಗಂಧಕ ಹಾಕಿ ಗಟ್ಟಿ ಮಾಡಿದ ರಬ್ಬರು. ಅದರ ಕಪ್ಪು ಕೋಲನ್ನು ಲೇತಿಗೆ ಕೊಟ್ಟು ಉಳಿ ಹಿಡಿದರೆ ಸಿಪ್ಪೆ ಸುರುಳಿಯಾಗಿ ನೆಲಕ್ಕೆ ಬೀಳುತ್ತದೆ. ಬಿಸಿ ರಬ್ಬರಿನ ವಾಸನೆ. ಕ್ಯಾಪಿನ ಮರೆ (ತಿರುಪಿನ ಸುತ್ತು) ಕತ್ತರಿಸಿ, ತಿರುಗಿಸಿ ನೋಡಿ, ಮತ್ತೆ ಒಂದು ಕೂದಲಷ್ಟು ಕತ್ತರಿಸಿ, ಮತ್ತೆ ತಿರುಗಿಸಿ ನೋಡುತ್ತಾರೆ.

ನಿಬ್ಬು ಕೂರಿಸುವಾಗ ಪೆನ್ನು ಮಾಡುವವರು ನನ್ನ ಕಡೆ ಹಾಳೆ ತಳ್ಳಿ, "ರಾಸಿ ಚೂಪಿಂಚಂಡಿ" ಅಂದರು, ಬರೆದು ತೋರಿಸಿ ಅಂತ. ನಾನು ನನ್ನ ಮಾಮೂಲಿ ನಾಲ್ಕು ಪದ ಬರೆದೆ. ಅವರು ನೋಡಿದ್ದು ಹಾಳೆಯನ್ನಲ್ಲ, ನನ್ನ ಕೈಯನ್ನು. ಪೆನ್ನು ಎಷ್ಟು ವಾಲಿಸುತ್ತೇನೆ, ಎಲ್ಲಿ ಒತ್ತುತ್ತೇನೆ ಅಂತ. ಆಮೇಲೆ ಹಾಳೆ ತಿರುಗಿಸಿಕೊಂಡು "ಲಕ್ಷ್ಮಿ" ಅಂತ ಜೋರಾಗಿ ಓದಿದರು! ನಿಬ್ಬು, ಅದಕ್ಕೆ ಇಂಕು ಹರಿಸುವ ಫೀಡು ಎರಡನ್ನೂ ಬಿಚ್ಚಿ, ಫೀಡನ್ನು ಬಿಸಿನೀರಿಗೆ ಹಾಕಿ, ಮೆತ್ತಗಾದಾಗ ನಿಬ್ಬಿಗೆ ಒತ್ತಿ ಕೂರಿಸಿದರು. ಕಣ್ಣಿಗೆ ಲೆನ್ಸ್ ಇಟ್ಟುಕೊಂಡು ಸೀಳಿನ ಒಂದು ತುದಿಯನ್ನು ಹೆಬ್ಬೆರಳ ಉಗುರಿನಿಂದ ಸ್ವಲ್ಪವೇ ಒತ್ತಿದರು. ಆಮೇಲೆ ತಾವೇ ತೆಲುಗಿನಲ್ಲಿ ಎರಡು ಸಾಲು ಬರೆದು ನೋಡಿ, ನನಗೆ ಕೊಟ್ಟರು. ಋಣ ಸಲೀಸಾಗಿ ಹೊರಳಿತು.

ಟೋಕಿಯೊದಲ್ಲಿ ಎಷ್ಟೇ ಒಳ್ಳೆಯ ನಿಬ್ಬು ಕೊಂಡರೂ ಅದನ್ನು ತೀಡಿದ ಕೈ ಬರೆಯುವುದು ಕಾಂಜಿ. ಜರ್ಮನಿಯ ಕೈ ಬರೆಯುವುದು ಇಂಗ್ಲಿಷಿನಂಥದ್ದನ್ನು. ರಾಜಮಂಡ್ರಿಯ ಕೈ ಬರೆಯುವುದು ನಮ್ಮದೇ ದಾಯಾದಿ ಲಿಪಿಯನ್ನು. ನಮಗೆ ತಲೆಕಟ್ಟು, ಅವರಿಗೆ ತಲಕಟ್ಟು. ಅದೇ ಸುತ್ತು, ಅದೇ ಒತ್ತು. ಕನ್ನಡ ಬರೆಯುವವರಿಗೆ ಪೆನ್ನು ಸರಿ ಮಾಡಿಕೊಡಲು ಇವರಿಗಿಂತ ಇನ್ಯಾರು ಬೇಕು?

ದೋಷ ಇಲ್ಲ ಅನ್ನುತ್ತಿಲ್ಲ. ಇವು ಹೆಚ್ಚಾಗಿ ಫಿಲ್ಲರಿನಲ್ಲಿ ಇಂಕು ಹಾಕುವ ಪೆನ್ನುಗಳು, ಕೊಳವೆಯೇ ಟ್ಯಾಂಕು. ಇಂಕು ಕಾಲು ಭಾಗಕ್ಕೆ ಇಳಿದಾಗ ಕೈಯ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ನಿಬ್ಬಿನಿಂದ ತೊಟ್ಟು ಉದುರುತ್ತದೆ. ಅಷ್ಟರೊಳಗೆ ಮತ್ತೆ ತುಂಬಿಸಿಕೊಳ್ಳಬೇಕು. ಮರೆಗೆ ಸ್ವಲ್ಪ ಸಿಲಿಕೋನ್ ಗ್ರೀಸ್ ಹಚ್ಚಬೇಕು. ಬಿಸಿಲಲ್ಲಿಟ್ಟರೆ ಕಪ್ಪು ಎಬೊನೈಟ್ ಕಂದಾಗುತ್ತದೆ. ಇಷ್ಟೆಲ್ಲ ಯಾರು ಮಾಡ್ತಾರೆ ಅನ್ನುವವರಿಗೆ ಇದು ಬೇಡ. ಹೋದವರು ಪಕ್ಕದ ಆತ್ರೇಯಪುರದ ಸಿಹಿತಿಂಡಿ ಪೂತರೇಕುಲು ತಿನ್ನದೆ ಬರಬೇಡಿ. ಅದೂ ಹಾಳೆಯೇ, ಅಕ್ಕಿಯದ್ದು.

ಅಷ್ಟು ದೂರ ಆಗದ ಕಲಬುರಗಿ, ಬೀದರ್ ಕಡೆಯವರು ಹೈದರಾಬಾದಿಗೆ ಹೋದಾಗ ಆಬಿಡ್ಸಿನ ಡೆಕ್ಕನ್ ಪೆನ್ ಸ್ಟೋರ್ಸಿಗೆ ಹೊಕ್ಕು ಬನ್ನಿ. ಕೋಲ್ಕತ್ತಾಗೆ ಹೋದವರು ಸುಲೇಖಾ ಇಂಕು ತನ್ನಿ. 1934ರಲ್ಲಿ ಸ್ವದೇಶಿ ಹುರುಪಿನಲ್ಲಿ ಹುಟ್ಟಿದ್ದು, ನಡುವೆ ಬಾಗಿಲು ಹಾಕಿ ಈಗ ಮತ್ತೆ ಇಂಕು ಮಾಡುತ್ತಿದ್ದಾರೆ. ಜಾದವ್‌ಪುರದಲ್ಲಿ ಫ್ಯಾಕ್ಟರಿ ಇರುವ ಸರ್ಕಲ್ಲಿಗೇ ಸುಲೇಖಾ ಅಂತ ಹೆಸರು. ಎಸ್ಪ್ಲನೇಡ್ ಹತ್ತಿರ ಪೆನ್ ಹಾಸ್ಪಿಟಲ್ ಇದೆ. ಅಜ್ಜನ ಕಾಲದ ಪೆನ್ನು ಡ್ರಾಯರಿನಲ್ಲಿ ಬಿದ್ದಿದ್ದರೆ ಅಲ್ಲಿಗೆ ಒಯ್ಯಿರಿ.

ವಿಮಾನದಲ್ಲಿ ಹೋಗುವವರಿಗೆ ಒಂದು ಮಾತು. ಮೇಲೆ ಹೋದಂತೆ ಕ್ಯಾಬಿನ್ ಒತ್ತಡ ಇಳಿಯುತ್ತದೆ, ಪೆನ್ನಿನ ಒಳಗಿನ ಗಾಳಿ ಹಿಗ್ಗಿ ಇಂಕನ್ನು ಹೊರಗೆ ತಳ್ಳುತ್ತದೆ. ಹಾಗಾಗಿ ಪೆನ್ನು ಪೂರ್ತಿ ತುಂಬಿರಬೇಕು ಇಲ್ಲವೇ ಪೂರ್ತಿ ಖಾಲಿ ಇರಬೇಕು, ನಿಬ್ಬು ಮೇಲ್ಮುಖವಾಗಿರಬೇಕು. ಫಿಲ್ಲರ್ ಪೆನ್ನನ್ನು ಖಾಲಿ ಮಾಡಿ ತೊಳೆದೇ ಇಡಿ. ವಿದೇಶದಿಂದ ಬರುವಾಗ ಕೈಚೀಲದಲ್ಲಿ 100 ಮಿಲಿಗಿಂತ ದೊಡ್ಡ ಬಾಟಲಿ ಬಿಡಲ್ಲ, 50 ಮಿಲಿ ಇಂಕಿಗೆ ತೊಂದರೆ ಇಲ್ಲ. ಚೆಕ್‌ಇನ್ ಬ್ಯಾಗಿನಲ್ಲಿ ಹಾಕುವುದಾದರೆ ಎರಡು ಜಿಪ್ ಕವರಿನೊಳಗೆ ಹಾಕಿ, ಬಿಳಿ ಅಂಗಿಗಳಿಂದ ದೂರ ಇಡಿ.

ಈ ವರ್ಷ ಕೋಬೆ ಕಡೆಗೆ ಯಾರಾದರೂ ಹೊರಟಿದ್ದೀರಾ? ರೊಕ್ಕೋ ಹಸಿರು, ಒಂದೇ ಬಾಟಲಿ. ದುಡ್ಡು ಮೊದಲೇ ಕೊಡುತ್ತೇನೆ.