ದುಗ್ಗುವಿನ ಬಗ್ಗೆ ತಪ್ಪು ಬರೆದರೆ ಯಾರು ತಿದ್ದುತ್ತಾರೆ?

ಹೋದ ವಾರ ಚಿಕ್ಕಮಗಳೂರಿನಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು "ಈಗ ಏನು ಬರೀತಿದ್ದೀಯಮ್ಮ?" ಅಂತ ಕೇಳಿದರು. ಇಂಗ್ಲಿಷ್ ಕಥೆಗಳ ಪತ್ತೆದಾರ ಷರ್ಲಾಕ್ ಹೋಮ್ಸ್ ನಮ್ಮ ಊರಿಗೆ ಬರುವ ಕಥೆ ಅಂದೆ. ಕಡೂರು ಸ್ಟೇಷನ್ನಿನಿಂದ ಇಲ್ಲಿಗೆ ಎತ್ತಿನ ಗಾಡಿ ಎಷ್ಟು ಹೊತ್ತು ತೆಗೆದುಕೊಳ್ಳುತ್ತಿತ್ತು ಅಂತ ಹದಿನೈದು ದಿನದಿಂದ ಹುಡುಕುತ್ತಿದ್ದೇನೆ ಅಂತಲೂ ಹೇಳಿದೆ. "ಅಭಿಮಾನಿಗಳು ಬರೆಯೋ ಕಥೆಗೆ ಇಷ್ಟೆಲ್ಲ ಯಾಕಮ್ಮ? ಯಾರು ನೋಡ್ತಾರೆ?" ಅಂದರು. ಚುಚ್ಚಿ ಕೇಳಿದ್ದಲ್ಲ, ಪ್ರೀತಿಯಿಂದಲೇ ಕೇಳಿದ್ದು. ಅಷ್ಟರಲ್ಲಿ ಪಾಯಸ ಬಂತು, ಮಾತು ನಿಂತುಹೋಯಿತು. ಆದರೆ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಸ್ವಲ್ಪ ಉದ್ದದ ಉತ್ತರ ಇದು, ಪುರುಸೊತ್ತು ಇದ್ದಾಗ ಓದಿ.

ಫ್ಯಾನ್ ಫಿಕ್ಷನ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ಬೇರೆಯವರು ಕಟ್ಟಿದ ಪಾತ್ರವನ್ನು ತುಂಬ ಇಷ್ಟಪಟ್ಟವರು, ಆ ಪಾತ್ರಕ್ಕೆ ಇನ್ನೊಂದು ಕಥೆ ಬರೆಯುವುದು. ದುಡ್ಡು ಬರುವುದಿಲ್ಲ. ನಮಗೆ ಇದು ಹೊಸದೇನೂ ಅಲ್ಲ. ತಾಳಮದ್ದಲೆ, ಅಂದರೆ ವೇಷವಿಲ್ಲದೆ ಮಾತಿನಲ್ಲೇ ನಡೆಯುವ ಯಕ್ಷಗಾನ, ಕೇಳಿದವರಿಗೆ ಗೊತ್ತಿರುತ್ತದೆ. ಪ್ರಸಂಗದಲ್ಲಿ ಪದ್ಯ ಇರುವುದು ನಾಲ್ಕೇ ಸಾಲು. ಪಾತ್ರವಾಗಿ ಮಾತಾಡುವ ಅರ್ಥಧಾರಿ ಅದಕ್ಕೆ ಅರ್ಧ ಗಂಟೆ ತೆಗೆದುಕೊಳ್ಳುತ್ತಾರೆ. ಆ ಮಾತೆಲ್ಲ ಅವರದೇ, ಪುಸ್ತಕದಲ್ಲಿ ಇಲ್ಲ. ಆದರೂ ಕರ್ಣನ ಬಾಯಲ್ಲಿ ಕರ್ಣ ಆಡದ ಮಾತು ಬಂದರೆ ಎದುರಿಗೆ ಕೂತ ಅಜ್ಜಂದಿರು ತಲೆ ಅಲ್ಲಾಡಿಸಿಬಿಡುತ್ತಾರೆ. ಅದಕ್ಕೇ ಒಳ್ಳೆಯ ಅರ್ಥಧಾರಿಗಳು ಒಂದು ರಾತ್ರಿಯ ಕೂಟಕ್ಕೆ ವಾರಗಟ್ಟಲೆ ಓದುತ್ತಾರೆ. ನನ್ನ ದೊಡ್ಡಪ್ಪ ಹಾಗೆ ಓದುತ್ತಿದ್ದುದನ್ನು ಚಿಕ್ಕಂದಿನಲ್ಲಿ ಕಣ್ಣಾರೆ ನೋಡಿದ್ದೇನೆ. ಸೀಮೆಎಣ್ಣೆ ದೀಪ, ಪಕ್ಕದಲ್ಲಿ ಎಲೆಅಡಿಕೆ ತಟ್ಟೆ, ತೊಡೆಯ ಮೇಲೆ ಭಾರತ. ಹೇಳದೇ ಬಿಟ್ಟ ಜಾಗದಲ್ಲಿ ಮಾತಾಡಬೇಕಾದರೆ ಹೇಳಿದ್ದಷ್ಟೂ ಗೊತ್ತಿರಬೇಕು ಅಂತ ನಾನು ಕಲಿತಿದ್ದು ಅವರಿಂದ.

ಹೋಮ್ಸ್ ಕಥೆಗಳಲ್ಲಿ ಅಂಥ ಒಂದು ದೊಡ್ಡ ಖಾಲಿ ಜಾಗ ಇದೆ. 1891ರ ಮೇ ತಿಂಗಳಲ್ಲಿ ಅವನು ಸ್ವಿಟ್ಜರ್ಲೆಂಡಿನ ರೈಖನ್‌ಬಾಖ್ ಜಲಪಾತಕ್ಕೆ ಬಿದ್ದು ಸತ್ತ ಅಂತ ಎಲ್ಲರೂ ತಿಳಿಯುತ್ತಾರೆ. 1894ರಲ್ಲಿ ಲಂಡನ್ನಿಗೆ ವಾಪಸ್ ಬರುತ್ತಾನೆ. ನಡುವೆ ಎಲ್ಲಿದ್ದೆ ಅಂತ ತನ್ನ ಕಥೆಗಳನ್ನು ಹೇಳುವ ಸ್ನೇಹಿತ ವಾಟ್ಸನ್‌ಗೆ ನಾಲ್ಕು ಮಾತಿನಲ್ಲಿ ಹೇಳಿ ಮುಗಿಸುತ್ತಾನೆ. ಎರಡು ವರ್ಷ ಟಿಬೆಟ್, ಆಮೇಲೆ ಪರ್ಷಿಯಾ, ಮೆಕ್ಕಾ, ಖಾರ್ಟೂಮ್, ಕೊನೆಗೆ ಫ್ರಾನ್ಸಿನಲ್ಲಿ ಕೆಲವು ತಿಂಗಳು. ಸಿಗರ್ಸನ್ ಎಂಬ ನಾರ್ವೆಯವನ ಹೆಸರಿನಲ್ಲಿ ಓಡಾಡಿದ್ದೆ ಅನ್ನುತ್ತಾನೆ. ಅಷ್ಟೇ. ಈ ಮೂರು ವರ್ಷವನ್ನು ತುಂಬಲು ಪ್ರಪಂಚದ ಎಷ್ಟೋ ಅಭಿಮಾನಿಗಳು ಎಷ್ಟೋ ಕಥೆ ಬರೆದಿದ್ದಾರೆ. ನಾನೂ ಒಬ್ಬಳು. ಲಂಡನ್ನಿನ ಬೇಕರ್ ಬೀದಿಯ ತನ್ನ ಮನೆಯಲ್ಲಿ ಹೋಮ್ಸ್ ಮುಂದೆ ಬೆಳ್ಳಿ ಲೇಪದ ಒಂದು ಕಾಫಿ ಪಾತ್ರೆ ಇರುತ್ತದೆ, ಅದರ ಹೊಳಪಿನಲ್ಲೇ ಬೆನ್ನ ಹಿಂದಿನ ವಾಟ್ಸನ್‌ನನ್ನು ನೋಡಿಬಿಡುತ್ತಾನೆ. ಮೈಸೂರು ಸೀಮೆಯ ಕಾಫಿ ಆ ಕಾಲದಲ್ಲಿ ಲಂಡನ್ನಿನಲ್ಲಿ ಮಾರಾಟ ಆಗುತ್ತಿತ್ತು. ಆ ಬೀಜ ನಮ್ಮ ಚಿಕ್ಕಮಗಳೂರಿನ ಗಿರಿಯದ್ದೇ ಆಗಿದ್ದರೆ ಅಂತ ಒಂದು ದಿನ ಅನ್ನಿಸಿತು. ಕಥೆ ಹುಟ್ಟಿದ್ದು ಅಲ್ಲಿ.

ನನಗೆ ಬೇಕಾಗಿದ್ದು ಕೊಯ್ಲಿನ ಕಾಲ. ಗಿಡದ ತುಂಬ ಕೆಂಪು ಹಣ್ಣು, ಕಣದ ತುಂಬ ಹರಡಿದ ಕಾಫಿ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಸದ್ದು, ಡಿಸೆಂಬರ್ ಚಳಿ. ಮೊದಲ ಅಧ್ಯಾಯ ಹಾಗೇ ಬರೆದೆ. ಆಮೇಲೆ ಕೂತು ಲೆಕ್ಕ ಹಾಕಿದೆ. ಮೇ 1891ರಲ್ಲಿ ಬಿದ್ದವನು ಒಂದು ವಾರಕ್ಕೆ ಫ್ಲಾರೆನ್ಸಿನಲ್ಲಿದ್ದ. ಅಲ್ಲಿಂದ ಹಡಗು ಹತ್ತಿ ಹಿಮಾಲಯ ದಾಟುವಷ್ಟರಲ್ಲಿ ಮಳೆಗಾಲ. ಟಿಬೆಟ್ಟಿನಲ್ಲಿ ಎರಡು ವರ್ಷಕ್ಕೆ ಹತ್ತಿರ ಇದ್ದ ಅಂದರೆ, ನಮ್ಮ ಕಡೆ ಇಳಿದು ಬರಲು ಸಾಧ್ಯವಾಗುವುದು 1893ರ ಮಾರ್ಚ್ ಕೊನೆಗೆ ಇಲ್ಲಾ ಏಪ್ರಿಲ್‌ಗೆ. ಅದಕ್ಕಿಂತ ತಡ ಮಾಡಿದರೆ ಪರ್ಷಿಯಾ, ಮೆಕ್ಕಾ, ಖಾರ್ಟೂಮ್, ಫ್ರಾನ್ಸ್ ಎಲ್ಲ ಸುತ್ತಿ ಲಂಡನ್ ಸೇರಲು ಅವನಿಗೆ ಪುರುಸೊತ್ತು ಸಾಲದು. ಮಾರ್ಚ್ ಕೊನೆಗೆ ತೋಟದಲ್ಲಿ ಹಣ್ಣು ಎಲ್ಲಿರುತ್ತದೆ? ಅರೇಬಿಕಾ ಕಾಫಿಯ ಕೊಯ್ಲು ಮುಗಿದು ಎಷ್ಟೋ ದಿನ ಆಗಿರುತ್ತದೆ. ಆಗ ಎಲ್ಲರೂ ಆಕಾಶ ನೋಡುತ್ತಾ ಕೂತಿರುತ್ತಾರೆ, ಕಾಫಿ ಹೂ ಅರಳಿಸುವ ಹೂಮಳೆಗೆ.

ಮೊದಲ ಅಧ್ಯಾಯವನ್ನು ಪೂರ್ತಿ ತೆಗೆದು ಹಾಕಿದೆ. ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ನಿಜವಾದ ಕಥೆ ಸಿಕ್ಕಿದ್ದೇ ಆಮೇಲೆ. ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟ ಒಮ್ಮೆಲೇ ಬೆಳ್ಳಗಾಗುತ್ತದೆ, ಮಲ್ಲಿಗೆಯಂಥ ಪರಿಮಳ, ಮೂರು ನಾಲ್ಕು ದಿನದಲ್ಲಿ ಎಲ್ಲ ಮುಗಿದು ಕಂದು. ಪತ್ತೆದಾರನಿಗೆ ಇಷ್ಟು ಚಿಕ್ಕ ಗಡುವು ಕೊಡುವ ಕಾಲ ಇನ್ನೊಂದಿಲ್ಲ. ಮತ್ತೊಂದು ವಿಷಯ. ಕೊಯ್ಲು ಮುಗಿದ ಮೇಲೆ ಆಳುಗಳ ಲೆಕ್ಕ ಚುಕ್ತಾ ಆಗುವ ಕಾಲ ಅದು. ಆಳು ಕರೆತರುವ ಮೇಸ್ತ್ರಿಯಿಂದ ಮುಂಗಡ ತೆಗೆದುಕೊಂಡು ಘಟ್ಟದ ಕೆಳಗಿನಿಂದ ಬಂದವರು ಮಳೆಗಾಲಕ್ಕೆ ಮುಂಚೆ ಊರಿಗೆ ಹೊರಡುತ್ತಾರೆ. ಆ ಹೊತ್ತಿಗೆ ತೋಟದ ಲೆಕ್ಕದ ಪುಸ್ತಕವೇ ಕಾಣೆಯಾದರೆ? ನನ್ನ ಕಥೆ ಈಗ ಅದೇ. ಹೇಳುವವನು ತೋಟದ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ. ವಾಟ್ಸನ್ ಲಂಡನ್ನಿನಲ್ಲಿ ಸ್ನೇಹಿತ ಸತ್ತ ಅಂತ ದುಃಖದಲ್ಲಿದ್ದಾನಲ್ಲ, ಅವನು ಹೇಳುವ ಹಾಗಿಲ್ಲ.

ಇನ್ನು ದಾರಿ. ಚಿಕ್ಕಮಗಳೂರಿಗೆ ರೈಲು ಬಂದಿದ್ದು 2013ರಲ್ಲಿ, ನಾವೆಲ್ಲ ನೋಡಿದ್ದೇವೆ. ಆದರೆ ಬೆಂಗಳೂರಿನಿಂದ ಕಡೂರಿನ ಮೇಲೆ ಹರಿಹರದ ತನಕ ರೈಲು ದಾರಿ 1889ಕ್ಕೇ ಪೂರ್ತಿಯಾಗಿತ್ತು. ಹಾಗಾಗಿ ಹೋಮ್ಸ್ ಕಡೂರಿನಲ್ಲಿ ಇಳಿಯಬಹುದು. ಆಗ ನಮ್ಮದು ಕಡೂರು ಜಿಲ್ಲೆ, ಜಿಲ್ಲೆಗೆ ಚಿಕ್ಕಮಗಳೂರು ಅಂತ ಹೆಸರಾಗಿದ್ದು 1947ರಲ್ಲಿ. ಕಡೂರಿನಿಂದ ಸಖರಾಯಪಟ್ಟಣದ ಮೇಲೆ ಸುಮಾರು 40 ಕಿಲೋಮೀಟರ್. ಈಗ ಬಸ್ಸಿನಲ್ಲಿ ಒಂದು ನಿದ್ದೆ. ಆಗ? ಗಾಡಿ ಹೊಡೆದ ಅನುಭವ ಇರುವ ಒಬ್ಬ ಅಜ್ಜನನ್ನು ಹುಡುಕಿಕೊಂಡು ಹೋದೆ. ಬೇಸಿಗೆಯಲ್ಲಿ ಹಗಲು ಗಾಡಿ ಕಟ್ಟುತ್ತಿರಲಿಲ್ಲವಂತೆ. ಸಂಜೆ ಕಟ್ಟಿದರೆ ಬೆಳಗಿನ ಜಾವ. ಮುಂದಿನ ಗಾಡಿಯವನು ಎಚ್ಚರ ಇದ್ದರೆ ಸಾಕು, ಹಿಂದಿನವರು ಮಲಗಿದರೂ ಎತ್ತು ತಾವಾಗೇ ಹೋಗುತ್ತವೆ. "ಗಾಡಿಯಲ್ಲಿ ಕೂತವನಿಗೆ ನಿದ್ದೆ ಬರ್ತಿತ್ತಾ ಅಜ್ಜ?" ಅಂತ ಕೇಳಿದೆ. "ಗಂಟೆ ಸದ್ದು ನಿಂತರೆ ಎಚ್ಚರ ಆಗ್ತಿತ್ತು" ಅಂದರು. ಈ ಒಂದು ಮಾತು ಯಾವ ಗೆಜೆಟಿಯರ್‌ನಲ್ಲೂ ಇಲ್ಲ. ನನ್ನ ಎರಡನೇ ಅಧ್ಯಾಯ ಶುರುವಾಗುವುದೇ ಆ ಗಂಟೆ ನಿಲ್ಲುವ ಜಾಗದಲ್ಲಿ.

ತಪ್ಪುಗಳೂ ಆಗಿವೆ. ಲೈನ್ ಮನೆಯ, ಅಂದರೆ ಆಳುಗಳ ಸಾಲುಮನೆಯ ಮುಂದೆ ಹೆಂಗಸೊಬ್ಬಳು ಸ್ಟೀಲ್ ಲೋಟ ತೊಳೆಯುತ್ತಿದ್ದಳು ಅಂತ ಬರೆದಿದ್ದೆ. ಸ್ಟೇನ್‌ಲೆಸ್ ಸ್ಟೀಲ್ ಬಂದಿದ್ದೇ 1913ರ ಮೇಲೆ. ತೋಟದ ಅಂಚಿಗೆ ರೊಬಸ್ಟಾ ಕಾಫಿ ಗಿಡ ಹಾಕಿದ್ದೆ, ಆಲ್ದೂರಿನ ನಮ್ಮ ತೋಟದಲ್ಲಿ ಹಾಗಿದೆ ಅಂತ. ರೊಬಸ್ಟಾ ನಮ್ಮ ದೇಶಕ್ಕೆ ಬಂದಿದ್ದು 1900 ದಾಟಿದ ಮೇಲೆ. ಆಗ ಇದ್ದಿದ್ದು ಹಳೆಯ ಚಿಕ್ಸ್ ಎಂಬ ಕಾಫಿ ತಳಿ, ಅದಕ್ಕೆ ಕಾಂಡ ಕೊರಕ ಹುಳ ಮತ್ತು ಎಲೆ ರೋಗ ಬಿದ್ದ ಮೇಲೆ ಕೂರ್ಗ್ ತಳಿ. ಇವೆಲ್ಲ ಸಣ್ಣ ತಿದ್ದುಪಡಿ.

ಮಲೇರಿಯಾದ್ದು ಮಾತ್ರ ಸಣ್ಣದಲ್ಲ. ಮಲೆನಾಡಿನ ಜ್ವರ ಇಲ್ಲದೆ ಆ ಕಾಲದ ತೋಟದ ಕಥೆ ಬರೆಯಲಾಗುವುದಿಲ್ಲ. ಸೊಳ್ಳೆ ಓಡಿಸಲು ಹೊಗೆ ಹಾಕಿದರು, ಜ್ವರ ಬಾರದಿರಲಿ ಅಂತ, ಎಂದು ಬರೆದಿದ್ದೆ. ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಪರಾವಲಂಬಿಯನ್ನು ಕಂಡಿದ್ದು 1897ರ ಆಗಸ್ಟ್ 20ರಂದು. ನನ್ನ ಕಥೆ ನಡೆಯುವುದು ಅದಕ್ಕೆ ನಾಲ್ಕು ವರ್ಷ ಮುಂಚೆ. ಆಗ ಕೆಟ್ಟ ಗಾಳಿಯಿಂದ ಜ್ವರ ಬರುತ್ತದೆ ಅಂತ ನಂಬಿದ್ದರು. ಕ್ವಿನೈನ್ ಔಷಧಿ ಇತ್ತು, ಜ್ವರದ ಕಾರಣ ಗೊತ್ತಿರಲಿಲ್ಲ. ಹೋಮ್ಸ್ ಬುದ್ಧಿವಂತ ಅಲ್ವಾ, ಅವನೇ ಊಹಿಸಿಬಿಡಲಿ ಅಂತ ಒಂದು ಕ್ಷಣ ಆಸೆಯಾಯಿತು. ಆದರೆ ಊಹಿಸಿದ್ದರೆ ಸುಮ್ನೆ ಇರುತ್ತಿದ್ದನೇ? ಸಾಯುವ ಜನರನ್ನು ನೋಡಿಕೊಂಡು? ಆ ದೃಶ್ಯ ತೆಗೆದೆ. ಈಗ ಅವನು ಒಂದು ಮಗುವಿನ ಹಣೆ ಮುಟ್ಟಿ ನೋಡುತ್ತಾನೆ, ಅವನಿಗೂ ಏನೂ ತೋಚುವುದಿಲ್ಲ. ಎಲ್ಲ ಬಲ್ಲವನಿಗೆ ಏನೂ ತೋಚದ ಹೊತ್ತು ನನ್ನ ಕಥೆಯೊಳಗೆ ಬಂದಿದ್ದು ಒಂದು ತಾರೀಕು ಹುಡುಕಿದ್ದರಿಂದ.

ಮೂಲ ಲೇಖಕ ಆರ್ಥರ್ ಕಾನನ್ ಡಾಯ್ಲ್ ಅವರೇ ತಪ್ಪು ಮಾಡಿದ್ದಾರೆ, ನಿಮಗೇಕೆ ಇಷ್ಟು ಅಂತ ಕೆಲವರು ಕೇಳುತ್ತಾರೆ. ಹೌದು, ಮಾಡಿದ್ದಾರೆ. ವಾಟ್ಸನ್‌ಗೆ ಅಫ್ಘಾನ್ ಯುದ್ಧದಲ್ಲಿ ಗುಂಡು ಬಿದ್ದಿದ್ದು ಒಂದು ಕಥೆಯಲ್ಲಿ ಭುಜಕ್ಕೆ, ಇನ್ನೊಂದರಲ್ಲಿ ಕಾಲಿಗೆ. ಜಲಪಾತದ ಅಂಚಿನಲ್ಲಿ ಹೋಮ್ಸ್ ಜೀವ ಉಳಿಸಿದ ಕುಸ್ತಿ ವಿದ್ಯೆ ಬಾರ್ಟಿಟ್ಸು ಇಂಗ್ಲೆಂಡಿನಲ್ಲಿ ಶುರುವಾಗಿದ್ದೇ 1890ರ ದಶಕದ ಕೊನೆಗೆ, ಅದರ ಹೆಸರನ್ನೂ ತಪ್ಪು ಬರೆದಿದ್ದಾರೆ. ಆದರೆ ಅವರ ತಪ್ಪು ಈಗ ಕಥೆಯದೇ ಭಾಗ. ಅಭಿಮಾನಿಗಳು ಅದನ್ನೂ ಬಿಡದೆ, ಭುಜ ಮತ್ತು ಕಾಲು ಎರಡಕ್ಕೂ ಗಾಯ ಹೇಗಾಗಿರಬಹುದು ಅಂತ ನೂರು ವರ್ಷದಿಂದ ಯೋಚಿಸುತ್ತಾ ಬಂದಿದ್ದಾರೆ. ನನ್ನ ತಪ್ಪಿಗೆ ಆ ಭಾಗ್ಯ ಇಲ್ಲ, ಇರಲೂಬಾರದು.

ಈ ಅಭಿಮಾನಿಗಳು ಒಬ್ಬರನ್ನೊಬ್ಬರು ತಿದ್ದುವ ರೀತಿ ನನಗೆ ತುಂಬ ಇಷ್ಟ. ಬರೆದಿದ್ದನ್ನು ಪ್ರಕಟಿಸುವ ಮೊದಲು ಓದಿ ತಿದ್ದಿಕೊಡುವವರನ್ನು ಬೀಟಾ ರೀಡರ್ ಅನ್ನುತ್ತಾರೆ. ಅಮೆರಿಕದವರು ಇಂಗ್ಲೆಂಡಿನ ಪಾತ್ರಗಳ ಬಗ್ಗೆ ಬರೆದಾಗ ಇಂಗ್ಲೆಂಡಿನವರೊಬ್ಬರು ಕೂತು ಮಾತು, ತಿಂಡಿ, ಶಾಲೆ, ಬೀದಿ ಎಲ್ಲ ಸರಿ ಇದೆಯಾ ಅಂತ ನೋಡಿಕೊಡುತ್ತಾರೆ. ಅದಕ್ಕೆ ಬ್ರಿಟ್-ಪಿಕ್ಕಿಂಗ್ ಅಂತಲೇ ಹೆಸರು. ಯಾರಿಗೂ ಸಂಬಳ ಇಲ್ಲ. ಇಂಥ ಕಥೆಗಳನ್ನು ಕೂಡಿಡುವ ಆರ್ಕೈವ್ ಆಫ್ ಅವರ್ ಓನ್ ಎಂಬ ತಾಣ ನಡೆಯುವುದೂ ದೇಣಿಗೆಯ ಮೇಲೆ, ಸ್ವಯಂಸೇವಕರಿಂದ. 2019ರಲ್ಲಿ ಅದಕ್ಕೆ ವೈಜ್ಞಾನಿಕ ಮತ್ತು ಕಲ್ಪನಾ ಕಥೆಗಳ ಲೋಕದ ಹ್ಯೂಗೋ ಪ್ರಶಸ್ತಿ ಬಂದಾಗ ನನ್ನ ಮನೆಗೇ ಬಂದಷ್ಟು ಸಂತೋಷವಾಗಿತ್ತು.

ನನಗೂ ಒಬ್ಬರು ಸಿಕ್ಕಿದರು. ನನ್ನ ಕಥೆಯಲ್ಲಿ ದುಗ್ಗು ಅಂತ ಒಬ್ಬ ಹುಡುಗಿ ಇದ್ದಾಳೆ. ಘಟ್ಟದ ಕೆಳಗಿನವಳು, ತುಳು ಮಾತಾಡುವವಳು. ತನ್ನ ತಂಗಿಯನ್ನು ಅವಳು "ಎಂಚ ಉಲ್ಲರ್" ಅಂತ ಕೇಳುವ ಹಾಗೆ ಬರೆದಿದ್ದೆ. ಪಕ್ಕದ ಮನೆಯ ಅಕ್ಕ ಮಂಗಳೂರು ಕಡೆಯವರು, ಓದಿ ಪೆನ್ನು ಕೆಳಗಿಟ್ಟರು. "ತಂಗಿಗೆ ಯಾರಾದರೂ ಬಹುವಚನ ಹಾಕ್ತಾರಾ? ಎಂಚ ಉಲ್ಲ ಅಂತ ಬರಿ" ಅಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಈ ಹುಡುಗಿ ಇಡೀ ಕಥೇಲಿ ಎರಡೇ ಸಲ ಮಾತಾಡ್ತಾಳಲ್ಲ, ಯಾಕೆ?" ಅಂತ ಕೇಳಿದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಬಂದು ನೋಡಿದೆ. ಹೋಮ್ಸ್ ತಂಬಾಕು ಇಡುವ ಪರ್ಷಿಯನ್ ಚಪ್ಪಲಿಯ ಬಗ್ಗೆ ನನ್ನ ನೋಟ್ ಪುಸ್ತಕದಲ್ಲಿ ಎರಡು ಪುಟ ಇತ್ತು. ದುಗ್ಗು ಏನು ಉಡುತ್ತಾಳೆ, ಮಳೆಗೆ ಏನು ಹೊದೆಯುತ್ತಾಳೆ, ಏನು ತಿನ್ನುತ್ತಾಳೆ, ಮುಂಗಡ ಯಾರ ಹೆಸರಲ್ಲಿದೆ, ಒಂದು ಸಾಲೂ ಇರಲಿಲ್ಲ. ಹೋಮ್ಸ್ ಬಗ್ಗೆ ತಪ್ಪು ಬರೆದರೆ ಪ್ರಪಂಚದ ಯಾವುದೋ ಮೂಲೆಯಿಂದ ಒಬ್ಬರಲ್ಲ ಒಬ್ಬರು ತಿದ್ದುತ್ತಾರೆ. 1893ರಲ್ಲಿ ನಮ್ಮ ಗಿರಿಯ ತೋಟದಲ್ಲಿ ಹಣ್ಣು ಕುಯ್ದ ಹುಡುಗಿಯ ಬಗ್ಗೆ ಏನು ಬರೆದರೂ ನಡೆದುಹೋಗುತ್ತದೆ. ಅವಳ ಪರವಾಗಿ ತಲೆ ಅಲ್ಲಾಡಿಸುವ ಅಜ್ಜಂದಿರು ಇಲ್ಲ. ಇಷ್ಟು ದಿನ ನಾನು ಹುಡುಕಿದ್ದೆಲ್ಲ ಸಿಕ್ಕಿಬೀಳುತ್ತೇನೆ ಅನ್ನುವ ಭಯದಿಂದಲೇ ಅಂತ ಅವತ್ತು ಗೊತ್ತಾಯಿತು.

ಆಮೇಲೆ ಓದುವ ರೀತಿ ಬದಲಾಯಿತು. ಮಂಜರಾಬಾದ್ ಸೀಮೆಯಲ್ಲಿ, ಅಂದರೆ ಈಗಿನ ಸಕಲೇಶಪುರದ ಕಡೆ, ತೋಟ ಮಾಡಿದ್ದ ರಾಬರ್ಟ್ ಎಲಿಯಟ್ ಎಂಬ ಪ್ಲಾಂಟರ್ 1894ರಲ್ಲಿ ಮೈಸೂರಿನ ಕಾಫಿ ತೋಟಗಳ ಬಗ್ಗೆ ಒಂದು ದೊಡ್ಡ ಪುಸ್ತಕ ಪ್ರಕಟಿಸಿದ್ದಾನೆ. ನನ್ನ ಕಥೆಯ ಕಾಲಕ್ಕೆ ಒಂದೇ ವರ್ಷ ಆಚೆ. ಮೊದಲ ಸಲ ಓದಿದಾಗ ಗಿಡ, ನೆರಳು, ಗೊಬ್ಬರ ಮಾತ್ರ ಗುರುತು ಹಾಕಿಕೊಂಡಿದ್ದೆ. ಎರಡನೇ ಸಲ ಕೆಲಸದವರು ಬರುವ ಜಾಗಗಳನ್ನು ಹುಡುಕಿಕೊಂಡು ಓದಿದೆ. ಬರೆದವನು ಧಣಿ. ಧಣಿಗೆ ಕಂಡಷ್ಟೇ ಅದರಲ್ಲಿದೆ. ಉಳಿದಿದ್ದನ್ನು ಹಿರಿಯರ ಬಾಯಿಂದಲೇ ಕೇಳಬೇಕು. ಮಳೆಗೆ ಹೊದೆಯುವ ಗೊರಬು ಹೆಣೆಯುವುದು ನೋಡಿದವರು, ಲೈನ್ ಮನೆಯಲ್ಲಿ ಹುಟ್ಟಿ ಬೆಳೆದವರು, ಅಜ್ಜಿ ಹೇಳಿದ್ದನ್ನು ನೆನಪಿಟ್ಟವರು. ಹಾಗೆ ನಾಲ್ಕಾರು ಜನರ ಹತ್ತಿರ ಕೂತು ಕೇಳಿದ್ದೇನೆ. ಅವರು ಹೇಳಿದ್ದರಲ್ಲಿ ಕಥೆಗೆ ಬಂದಿದ್ದು ಹತ್ತರಲ್ಲಿ ಒಂದು. ಉಳಿದ ಒಂಬತ್ತು ನನ್ನೊಳಗೇ ಇದೆ, ದುಗ್ಗು ಬಾಯಿ ತೆರೆದಾಗ ನಾನು ಅಡ್ಡ ಬಾರದ ಹಾಗೆ ಅದು ನೋಡಿಕೊಳ್ಳುತ್ತದೆ. ಈಗ ಕಾಣೆಯಾದ ಪುಸ್ತಕದಲ್ಲಿ ಏನಿತ್ತು ಅಂತ ಗೊತ್ತಿರುವವಳು ಅವಳೊಬ್ಬಳೇ. ಓದಲು ಬರುವುದಿಲ್ಲ, ಆದರೆ ತನ್ನ ಗುಂಪಿನ ಎಲ್ಲರ ದಿನಗಳನ್ನೂ ದಾರಕ್ಕೆ ಗಂಟು ಹಾಕಿ ಇಟ್ಟಿದ್ದಾಳೆ. ಹೋಮ್ಸ್ ಅವಳ ಎದುರು ನೆಲದ ಮೇಲೆ ಕೂತು ಆ ಗಂಟುಗಳನ್ನು ಎಣಿಸುತ್ತಾನೆ.

ಪಂಕ್ತಿಯಲ್ಲಿ ಪ್ರಶ್ನೆ ಕೇಳಿದ ಹಿರಿಯರೂ ಇದನ್ನು ಓದುತ್ತಾರೆ ಅಂತ ಗೊತ್ತು. ಕಥೆಯ ಏಳನೇ ಅಧ್ಯಾಯ ಅರ್ಧಕ್ಕೆ ನಿಂತಿದೆ. ನಿಮ್ಮದು ಹಳೆಯ ತೋಟ. ಅಟ್ಟದ ಮೇಲೆ, ಪೆಟ್ಟಿಗೆಯಲ್ಲಿ, ಹಳೆಯ ಚೆಕ್‌ರೋಲ್ (ಆಳುಗಳ ಹಾಜರಿ, ಕೂಲಿ ಬರೆಯುವ ಪುಸ್ತಕ) ಏನಾದರೂ ಉಳಿದಿದ್ದರೆ ದಯವಿಟ್ಟು ಹೇಳಿ. ಆಲ್ದೂರು, ಮೂಡಿಗೆರೆ, ಕೊಪ್ಪ, ಬಾಳೆಹೊನ್ನೂರು, ಸಕಲೇಶಪುರ ಕಡೆಯ ಬೇರೆಯವರೂ ಅಷ್ಟೇ. ಹುಳ ತಿಂದಿದ್ದರೂ ಪರವಾಗಿಲ್ಲ. ನಾನೇ ಬಂದು ನೋಡಿ, ಅಲ್ಲೇ ಕೂತು ಬರೆದುಕೊಂಡು ಹೋಗುತ್ತೇನೆ. ಕೂಲಿ ಎಷ್ಟು ಅನ್ನುವ ಕಾಲಂ ಆಮೇಲೆ ನೋಡೋಣ. ಮೊದಲು ನನಗೆ ಬೇಕಾಗಿರುವುದು ಹೆಂಗಸರ ಹೆಸರುಗಳು.