ಇರಿಡಿಯಂ ಪ್ಲಗ್ ಹಾಕಿದರೆ ಮೈಲೇಜ್ ಜಾಸ್ತಿಯಾಗುತ್ತಾ?

"ಯಾವ ಪೆಟ್ರೋಲ್ ಕಾರಾದರೂ ಸರಿ, ಇರಿಡಿಯಂ ಸ್ಪಾರ್ಕ್ ಪ್ಲಗ್ ಹಾಕಿಸಿ. ಪವರ್, ಮೈಲೇಜ್ ಎರಡೂ ಏರುತ್ತವೆ. ಥ್ರೆಡ್ ಕೂತರೆ ಸಾಕು." ಈ ಫಾರ್ವರ್ಡ್ ನಿಮಗೂ ಬಂದಿರಬಹುದು. ಇದರಲ್ಲಿ ಅರ್ಧ ಉತ್ಪ್ರೇಕ್ಷೆ, ಅರ್ಧ ಅಪಾಯ.

ಇರಿಡಿಯಂ ಒಂದು ಗಟ್ಟಿ ಲೋಹ, ಅದು ಕರಗಲು ಸುಮಾರು 2,450 ಡಿಗ್ರಿ ಸೆಲ್ಸಿಯಸ್ ಬೇಕು. ಹಾಗಾಗಿ ಇರಿಡಿಯಂ ಪ್ಲಗ್‌ನ ತುದಿ ನಿಧಾನವಾಗಿ ಸವೆಯುತ್ತದೆ, ಪ್ಲಗ್ ಜಾಸ್ತಿ ದಿನ ಬರುತ್ತದೆ. ಲಾಭ ಇರುವುದು ಅಲ್ಲಿ. ಹಳೇ ಪ್ಲಗ್ ಸವೆದಿದ್ದರೆ ಸರಿಯಾದ ಯಾವ ಹೊಸ ಪ್ಲಗ್ ಹಾಕಿದರೂ ಎಂಜಿನ್ ಚುರುಕಾಗುತ್ತದೆ. ಹೊಗಳಿಕೆ ಮಾತ್ರ ಇರಿಡಿಯಂಗೆ!

"ಥ್ರೆಡ್ ಕೂತರೆ ಸಾಕು" ಅನ್ನೋದು ಇನ್ನೂ ಕೆಟ್ಟ ಸಲಹೆ. ಥ್ರೆಡ್ ಭಾಗ ಉದ್ದವಾದರೆ ಪ್ಲಗ್ ಪಿಸ್ಟನ್‌ಗೆ ತಾಗಬಹುದು. ಹೀಟ್ ರೇಂಜ್, ಅಂದರೆ ಪ್ಲಗ್ ತನ್ನ ತುದಿಯ ಬಿಸಿಯನ್ನು ಎಷ್ಟು ಬೇಗ ಬಿಟ್ಟುಕೊಡುತ್ತದೆ ಅನ್ನೋದು ಕೂಡ ಎಂಜಿನ್‌ಗೆ ಹೊಂದಬೇಕು. ಪ್ಲಗ್ ತೀರಾ ತಣ್ಣಗಿದ್ದರೆ ತುದಿಗೆ ಮಸಿ ಕಟ್ಟುತ್ತದೆ. ತೀರಾ ಬಿಸಿಯಾದರೆ ಕಿಡಿ ಹಾರುವ ಮೊದಲೇ ಇಂಧನ ಹೊತ್ತಿಕೊಂಡು ಪಿಸ್ಟನ್ ಹಾಳಾಗಬಹುದು. ಪ್ಲಗ್ ಕಂಪನಿಗಳ ನಂಬರ್‌ನಲ್ಲಿ ಒಂದು ಗೊಂದಲವಿದೆ: ಎನ್‌ಜಿಕೆಯಲ್ಲಿ ಹೀಟ್ ರೇಂಜ್ ಸಂಖ್ಯೆ ದೊಡ್ಡದಾದಷ್ಟೂ ಪ್ಲಗ್ ತಣ್ಣಗಿನದು, ಬಾಷ್‌ನಲ್ಲಿ ತದ್ವಿರುದ್ಧ. ಹಾಗಾಗಿ ನಂಬರ್ ನೋಡಿ ಸುಮ್ನೆ ಅಂದಾಜು ಮಾಡಬೇಡಿ.

ಕಾರಿನ ಕೈಪಿಡಿಯಲ್ಲಿ ಪ್ಲಗ್ ನಂಬರ್, ಗ್ಯಾಪ್ (ಕಿಡಿ ಹಾರುವ ತುದಿಗಳ ನಡುವಿನ ಅಂತರ) ಎರಡೂ ಇರುತ್ತವೆ. ಬೇರೆ ಬ್ರಾಂಡ್ ಬೇಕಿದ್ದರೆ ಆ ಕಂಪನಿಯ ಕ್ಯಾಟಲಾಗ್‌ನಲ್ಲಿ ನಿಮ್ಮ ಎಂಜಿನ್, ತಯಾರಾದ ವರ್ಷ ಹುಡುಕಿ. ಕೈಪಿಡಿಯಲ್ಲೇ ಇರಿಡಿಯಂ ಅಂತ ಇದ್ದರೆ ಅದನ್ನೇ ಹಾಕಿಸಿ, ಅಗ್ಗದ್ದಕ್ಕೆ ಇಳಿಯಬೇಡಿ. ಅಂದಹಾಗೆ, ಡೀಸೆಲ್ ಕಾರಿಗೆ ಸ್ಪಾರ್ಕ್ ಪ್ಲಗ್ಗೇ ಇರುವುದಿಲ್ಲ.